ಮಲಾವಿಯ ಮತದಾರ: ಪಕ್ಷಗಳ ಮೇಲೆ ಮುನಿಸು, ಮತದ ಮೇಲೆ ಪಟ್ಟು



2020ರ ಫೆಬ್ರುವರಿ 3ರಂದು ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಐವರು ನ್ಯಾಯಾಧೀಶರು ಗುಂಡು ನಿರೋಧಕ ಕವಚ ತೊಟ್ಟು, ಸೇನೆಯ ವಾಹನದಲ್ಲಿ ಕೋರ್ಟಿಗೆ ಬಂದರು. ತೀರ್ಪು ಸುಮಾರು ಐನೂರು ಪುಟಗಳದ್ದು. ಓದಿ ಮುಗಿಸಲು ಹತ್ತಿರ ಹತ್ತಿರ ಹತ್ತು ಗಂಟೆ ಹಿಡಿಯಿತು. ಊರೂರಲ್ಲಿ ಜನ ರೇಡಿಯೊಗೆ ಕಿವಿಗೊಟ್ಟು ಕೂತಿದ್ದರು. ಸಂಜೆಯ ಹೊತ್ತಿಗೆ ವಿಷಯ ಖಚಿತವಾಯಿತು: ಹಿಂದಿನ ವರ್ಷದ ಅಧ್ಯಕ್ಷೀಯ ಚುನಾವಣೆ ರದ್ದು, 150 ದಿನಗಳೊಳಗೆ ಮತ್ತೊಮ್ಮೆ ಮತದಾನ. ಐದು ತಿಂಗಳು ತುಂಬುವ ಮೊದಲೇ ಅಧಿಕಾರದಲ್ಲಿದ್ದ ಪೀಟರ್ ಮುಥಾರಿಕಾ ಸೋತರು, ವಿರೋಧ ಪಕ್ಷದ ಲಜಾರಸ್ ಚಕ್ವೇರಾ ಗೆದ್ದರು.

2025ರ ಸೆಪ್ಟೆಂಬರ್ 16ರಂದು ಅದೇ ಮತದಾರರು ಚಕ್ವೇರಾರನ್ನು ಇಳಿಸಿದರು. ಅವರ ಜಾಗಕ್ಕೆ ಬಂದವರು 85 ವರ್ಷದ ಮುಥಾರಿಕಾ!

ಒಮ್ಮೆ ಇಳಿಸಿದವರನ್ನೇ ಐದು ವರ್ಷಕ್ಕೆ ಮತ್ತೆ ಕರೆದು ಕೂರಿಸುವ ಈ ಜನರ ಬಗ್ಗೆ ಹೊರಗಿನವರು ಎರಡು ಮಾತುಗಳನ್ನು ಸಲೀಸಾಗಿ ಆಡಿಬಿಡುತ್ತಾರೆ. ಒಂದು, ಇವರ ನೆನಪು ಗಟ್ಟಿಯಿಲ್ಲ. ಇನ್ನೊಂದು, ಆಫ್ರಿಕಾಕ್ಕೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ. ಎರಡೂ ತಪ್ಪು ಎಂಬುದು ಈ ಉಪನ್ಯಾಸದ ವಾದ. ಮಲಾವಿಯ ಜನರು ಪಕ್ಷಗಳ ಮಾತನ್ನು ನಂಬುವುದನ್ನು ಎಂದೋ ಬಿಟ್ಟಿದ್ದಾರೆ. ಆದರೆ ಮತದ ಹಕ್ಕನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಭ್ರಷ್ಟಾಚಾರದ ಲೆಕ್ಕ ಕೇಳಲು ಉಳಿದ ದಾರಿಗಳೆಲ್ಲ ಮುಚ್ಚಿದಂತೆ ಕಂಡಾಗ ಅವರ ಕೈಯಲ್ಲಿ ಉಳಿದಿರುವುದು ಅದೊಂದೇ. 1994ರಿಂದ 2025ರವರೆಗಿನ 31 ವರ್ಷಗಳಲ್ಲಿ, ಕುರ್ಚಿಯಲ್ಲಿ ಕೂತಿದ್ದಾಗಲೇ ಸ್ಪರ್ಧಿಸಿದ ನಾಲ್ವರು ಅಧ್ಯಕ್ಷರನ್ನು ಅವರು ಮತ ಹಾಕಿ ಮನೆಗೆ ಕಳಿಸಿದ್ದಾರೆ. ಇಷ್ಟನ್ನು ಮಾಡಿ ತೋರಿಸಿದ ದೇಶಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಮಲಾವಿ ಪುಟ್ಟ ದೇಶ. ಆಗ್ನೇಯ ಆಫ್ರಿಕಾದಲ್ಲಿ ಟಾಂಜಾನಿಯಾ, ಜಾಂಬಿಯಾ, ಮೊಜಾಂಬಿಕ್‌ಗಳ ನಡುವೆ, ದೊಡ್ಡದೊಂದು ಸರೋವರದ ಪಕ್ಕಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. 2018ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 1.76 ಕೋಟಿ. ಬಹುಪಾಲು ಜನ ಸಣ್ಣ ಹಿಡುವಳಿಯ ರೈತರು. ಮಳೆ ನಂಬಿ ಮೆಕ್ಕೆಜೋಳ ಬೆಳೆಯುತ್ತಾರೆ. ಅದರ ಹಿಟ್ಟಿನಿಂದ ನಮ್ಮ ಮುದ್ದೆಯಂತೆ ತೊಳಸಿ ಮಾಡುವ ನ್ಸೀಮಾ ಅವರ ದಿನದ ಊಟ. ಮೆಕ್ಕೆಜೋಳದ ಹಿಟ್ಟಿನ ಬೆಲೆ ಏರಿದರೆ ಸರ್ಕಾರದ ಬುಡ ಅಲುಗಾಡುತ್ತದೆ. ಅಲ್ಲಿನ ರಾಜಕೀಯವನ್ನು ತಿಳಿಯಹೊರಟವರು ಈ ಒಂದು ಸಂಗತಿಯನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಾರ್ಡಿನ ಕಾಲ

1964ರ ಜುಲೈ 6ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿತು. ಎರಡೇ ವರ್ಷಕ್ಕೆ ಮಲಾವಿ ಕಾಂಗ್ರೆಸ್ ಪಕ್ಷವೊಂದನ್ನು ಬಿಟ್ಟು ಬೇರೆ ಪಕ್ಷಗಳಿಗೆ ಕಾನೂನಿನಲ್ಲಿ ಜಾಗವಿಲ್ಲವಾಯಿತು. 1971ರಲ್ಲಿ ಹೇಸ್ಟಿಂಗ್ಸ್ ಕಮುಜು ಬಾಂಡಾ ಆಜೀವ ಅಧ್ಯಕ್ಷರಾದರು.

ಆ ಕಾಲದಲ್ಲಿ ಪಕ್ಷ ಎಂದರೆ ಜನರ ಪಾಲಿಗೆ ಒಂದು ಕಾರ್ಡು. ವರ್ಷ ವರ್ಷವೂ ದುಡ್ಡು ಕೊಟ್ಟು ಪಕ್ಷದ ಸದಸ್ಯತ್ವದ ಕಾರ್ಡು ಕೊಳ್ಳಬೇಕು. ಸಂತೆಯ ಬಾಗಿಲಲ್ಲಿ ಪಕ್ಷದ ಯುವಕರು ನಿಂತು ಅದನ್ನು ಕೇಳುತ್ತಿದ್ದರು. ಬಸ್ಸು ಹತ್ತುವ ಮೊದಲು ಕೇಳುತ್ತಿದ್ದರು. ತಲೆಯ ಮೇಲೆ ಟೊಮ್ಯಾಟೊ ಬುಟ್ಟಿ ಹೊತ್ತು ಬಂದ ಹೆಂಗಸು ಕಾರ್ಡು ತೋರಿಸದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಗರ್ಭಿಣಿಯರಿಂದ ಹೊಟ್ಟೆಯಲ್ಲಿರುವ ಕೂಸಿನ ಕಾರ್ಡಿಗೂ ದುಡ್ಡು ವಸೂಲಿ ಮಾಡಿದ್ದನ್ನು ಆ ದಿನಗಳ ಬಗ್ಗೆ ಬರೆದವರು ದಾಖಲಿಸಿದ್ದಾರೆ. ತಮ್ಮ ಧರ್ಮ ಒಪ್ಪುವುದಿಲ್ಲವೆಂದು ಕಾರ್ಡು ಕೊಳ್ಳಲು ನಿರಾಕರಿಸಿದ ಯೆಹೋವನ ಸಾಕ್ಷಿಗಳ ಪಂಥವನ್ನು 1967ರಲ್ಲಿ ನಿಷೇಧಿಸಲಾಯಿತು. ಅವರ ಮನೆಗಳು ಸುಟ್ಟವು. ಸಾವಿರಾರು ಮಂದಿ ಗಡಿ ದಾಟಿ ಜಾಂಬಿಯಾ, ಮೊಜಾಂಬಿಕ್ ಸೇರಿದರು.

ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಪಕ್ಷಗಳ ಬಗ್ಗೆ ಮಲಾವಿಯ ಜನರಿಗಿರುವ ಗುಮಾನಿ ನಿನ್ನೆ ಮೊನ್ನೆಯದಲ್ಲ. ಮೂವತ್ತು ವರ್ಷ ಪಕ್ಷವೆಂಬುದು ಅವರ ಪಾಲಿಗೆ ಬಾಗಿಲಲ್ಲಿ ನಿಂತು ಕೈಚಾಚುವ ಯುವಕನಾಗಿತ್ತು. ಹಾಗಿದ್ದೂ ಮಾತಾಡುವ ಅವಕಾಶ ಸಿಕ್ಕಾಗ ಅವರು ಕೇಳಿದ್ದು ಪಕ್ಷಗಳೇ ಇಲ್ಲದ ಆಡಳಿತವನ್ನಲ್ಲ, ಹೆಚ್ಚು ಪಕ್ಷಗಳನ್ನು.

1992ರ ಮಾರ್ಚ್ 8ರ ಭಾನುವಾರ ದೇಶದ ಕ್ಯಾಥೊಲಿಕ್ ಚರ್ಚುಗಳಲ್ಲಿ ಬಿಷಪ್‌ಗಳ ಪತ್ರವೊಂದನ್ನು ಓದಲಾಯಿತು. ಬಡತನ, ಲಂಚ, ಬಾಯಿ ಬಿಟ್ಟರೆ ಜೈಲು ಎಂಬ ಭಯ, ಎಲ್ಲವೂ ಅದರಲ್ಲಿತ್ತು. ಸರ್ಕಾರ ಪತ್ರವನ್ನು ರಾಜದ್ರೋಹವೆಂದು ಸಾರಿತು; ಬಿಷಪ್‌ಗಳನ್ನು ಪೊಲೀಸರು ಕರೆಸಿ ವಿಚಾರಿಸಿದರು. ಅಷ್ಟರಲ್ಲಿ ಮಾತು ಊರೂರಿಗೆ ಹಬ್ಬಿಯಾಗಿತ್ತು. ಕಾರ್ಮಿಕ ನಾಯಕ ಚಕುಫ್ವಾ ಚಿಹಾನಾ ಏಪ್ರಿಲ್‌ನಲ್ಲಿ ವಿದೇಶದಿಂದ ಮರಳಿ ವಿಮಾನ ಇಳಿಯುತ್ತಲೇ ಬಂಧಿತರಾದರು. ವಿದೇಶಿ ನೆರವು ನಿಂತಿತು. 1993ರ ಜೂನ್ 14ರಂದು ಜನಮತಗಣನೆ ನಡೆಯಿತು. ಒಂದೇ ಪಕ್ಷ ಸಾಕು ಎನ್ನುವವರಿಗೆ ಹುಂಜದ ಗುರುತು, ಬಹುಪಕ್ಷ ಬೇಕೆನ್ನುವವರಿಗೆ ಲಾಟೀನಿನ ಗುರುತು. ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಮತ ಲಾಟೀನಿಗೆ ಬಿತ್ತು. ಮರುವರ್ಷದ ಚುನಾವಣೆಯಲ್ಲಿ ಕಮುಜು ಬಾಂಡಾ ಸೋತರು, ಸೋಲನ್ನು ಒಪ್ಪಿಕೊಂಡು ಹೊರನಡೆದರು.

ಹೆಸರು ಬದಲಿಸುವ ಪಕ್ಷಗಳು

ಹೊಸ ಪಕ್ಷಗಳು ಬಂದವು. ಒಳಗಿದ್ದವರು ಬಹುಮಟ್ಟಿಗೆ ಹಳಬರೇ. 1994ರಲ್ಲಿ ಗೆದ್ದ ಬಕಿಲಿ ಮುಲುಜಿ ಹಿಂದೆ ಬಾಂಡಾ ಅವರ ಪಕ್ಷದಲ್ಲೇ ಪ್ರಧಾನ ಕಾರ್ಯದರ್ಶಿಯಾಗಿದ್ದವರು. ಅವರ ಎರಡು ಅವಧಿ ಮುಗಿಯುತ್ತ ಬಂದಾಗ, ಅಧ್ಯಕ್ಷರಿಗೆ ಅವಧಿಯ ಮಿತಿಯೇ ಬೇಡವೆಂಬ ತಿದ್ದುಪಡಿ 2002ರಲ್ಲಿ ಸಂಸತ್ತಿಗೆ ಬಂತು. ಮೂರು ಮತಗಳ ಕೊರತೆಯಿಂದ ಅದು ಬಿದ್ದುಹೋಯಿತು. ಆಗ ಮುಲುಜಿ ತಾವೇ ಬಿಂಗು ವಾ ಮುಥಾರಿಕಾರನ್ನು ಆರಿಸಿ ನಿಲ್ಲಿಸಿ ಗೆಲ್ಲಿಸಿದರು. ಬಿಂಗು ವರ್ಷ ಕಳೆಯುವುದರೊಳಗೆ ಮುಲುಜಿಯವರ ಯುಡಿಎಫ್ ಪಕ್ಷ ಬಿಟ್ಟು ಡಿಪಿಪಿ ಎಂಬ ಸ್ವಂತ ಪಕ್ಷ ಕಟ್ಟಿದರು. 2009ರಲ್ಲಿ ಅವರ ಜೊತೆ ಉಪಾಧ್ಯಕ್ಷೆಯಾಗಿ ಗೆದ್ದ ಜಾಯ್ಸ್ ಬಾಂಡಾರನ್ನು ಪಕ್ಷದಿಂದ ಹೊರಹಾಕಿದಾಗ ಅವರೂ ಒಂದು ಪಕ್ಷ ಕಟ್ಟಿದರು. 2014ರಲ್ಲಿ ಪೀಟರ್ ಮುಥಾರಿಕಾರ ಜೊತೆ ಉಪಾಧ್ಯಕ್ಷರಾದ ಸಾವ್ಲೋಸ್ ಚಿಲಿಮಾ 2018ರಲ್ಲಿ ಹೊರಬಂದು ಇನ್ನೊಂದು ಪಕ್ಷ ಕಟ್ಟಿದರು, 2020ರಲ್ಲಿ ಚಕ್ವೇರಾ ಜೊತೆಗೂಡಿ ಮತ್ತೆ ಉಪಾಧ್ಯಕ್ಷರಾದರು.

ಇಷ್ಟು ಪಕ್ಷಗಳ ನಡುವೆ ಸಿದ್ಧಾಂತದ ಭೇದ ಹುಡುಕಿದರೆ ಸಿಗುವುದು ಕಡಿಮೆ. ಕಾಣುವುದು ಬಣ್ಣ. ಡಿಪಿಪಿಗೆ ನೀಲಿ, ಯುಡಿಎಫ್‌ಗೆ ಹಳದಿ. ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಚಿತೆಂಜೆ ಎಂಬ ಬಟ್ಟೆಯ ಮೇಲೆ ನಾಯಕನ ಮುಖವನ್ನೇ ಅಚ್ಚು ಹಾಕಿಸಿ ಸಭೆಗಳಲ್ಲಿ ಹಂಚುತ್ತಾರೆ. 2018ರ ರಾಜಕೀಯ ಪಕ್ಷಗಳ ಕಾಯ್ದೆ ಮತಕ್ಕಾಗಿ ದುಡ್ಡು, ಸಾಮಾನು ಹಂಚುವುದನ್ನು ನಿಷೇಧಿಸಿದೆ. ಹಂಚುವವರು ನಿಲ್ಲಿಸಿಲ್ಲ, ಪಡೆದವರು ಅದಕ್ಕಾಗಿಯೇ ಮತ ಹಾಕುವುದೂ ಇಲ್ಲ.

ಪ್ರದೇಶದ ಅಭಿಮಾನವೂ ಇಲ್ಲಿ ದೊಡ್ಡದು. ಮಧ್ಯಭಾಗ ಮಲಾವಿ ಕಾಂಗ್ರೆಸ್ ಪಕ್ಷಕ್ಕೆ ಒಲಿದರೆ, ದಕ್ಷಿಣ ಮೊದಲು ಯುಡಿಎಫ್‌ಗೆ, ಆಮೇಲೆ ಡಿಪಿಪಿಗೆ ಒಲಿಯುತ್ತ ಬಂದಿದೆ. ಮೂವರು ನಾಲ್ವರು ಸ್ಪರ್ಧಿಸಿದಾಗ ಶೇ 36 ಮತ ಪಡೆದವರೂ ಅಧ್ಯಕ್ಷರಾಗಬಹುದಿತ್ತು. 2014ರಲ್ಲಿ ಆದದ್ದು ಅದೇ. ತನ್ನ ಪ್ರದೇಶವನ್ನು ಓಲೈಸಿದರೆ ಸಾಕೆಂಬ ಲೆಕ್ಕಾಚಾರಕ್ಕೆ ಈ ಪದ್ಧತಿ ಆಸರೆಯಾಗಿತ್ತು.

ಕಾರಿನ ಡಿಕ್ಕಿಯಲ್ಲಿ ಖಜಾನೆ

2013ರ ಸೆಪ್ಟೆಂಬರ್ 13ರ ರಾತ್ರಿ ಹಣಕಾಸು ಇಲಾಖೆಯ ಬಜೆಟ್ ನಿರ್ದೇಶಕರ ಮೇಲೆ ಅವರ ಮನೆಯ ಗೇಟಿನ ಬಳಿ ಗುಂಡು ಹಾರಿತು. ಅವರು ಬದುಕಿಕೊಂಡರು. ಆ ದಿನಗಳಲ್ಲೇ ಕೆಳಹಂತದ ಸರ್ಕಾರಿ ನೌಕರರ ಮನೆಗಳಲ್ಲಿ, ಕಾರಿನ ಡಿಕ್ಕಿಗಳಲ್ಲಿ ನೋಟಿನ ಕಂತೆಗಳು ಸಿಗತೊಡಗಿದವು. ಮಲಾವಿಯ ಜನ ಇದನ್ನು ಕ್ಯಾಶ್‌ಗೇಟ್ ಎಂದೇ ಕರೆಯುತ್ತಾರೆ.

ಕಳವಿನ ವಿಧಾನ ಸರಳವಾಗಿತ್ತು. ಸರ್ಕಾರದ ಲೆಕ್ಕಪತ್ರವೆಲ್ಲ ಕಂಪ್ಯೂಟರ್ ವ್ಯವಸ್ಥೆಯೊಂದರಲ್ಲಿತ್ತು. ಯಾವ ಸಾಮಾನನ್ನೂ ಪೂರೈಸದ, ಯಾವ ಕೆಲಸವನ್ನೂ ಮಾಡದ ಕಂಪನಿಯ ಹೆಸರಿಗೆ ಅದರಲ್ಲಿ ಬಿಲ್ಲು ಸೃಷ್ಟಿಸುವುದು, ಚೆಕ್ ಮುದ್ರಿಸುವುದು, ಬ್ಯಾಂಕಿನಿಂದ ನಗದು ಬಿಡಿಸಿಕೊಳ್ಳುವುದು, ನಂತರ ಆ ನಮೂದನ್ನೇ ಅಳಿಸಿಹಾಕುವುದು. 2013ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರೇ ತಿಂಗಳಲ್ಲಿ 1,300 ಕೋಟಿ ಕ್ವಾಚಾಗೂ ಹೆಚ್ಚು, ಸುಮಾರು 3.2 ಕೋಟಿ ಡಾಲರ್, ಹೀಗೆ ಹೋಗಿದೆ ಎಂದು ಬ್ರಿಟಿಷ್ ಲೆಕ್ಕಪರಿಶೋಧಕರು ಕಂಡುಕೊಂಡರು. ಬಜೆಟ್ಟಿನ ದೊಡ್ಡ ಪಾಲು ವಿದೇಶಿ ನೆರವಿನಿಂದ ಬರುತ್ತಿದ್ದ ದೇಶವದು. ನೆರವು ಕೊಡುವವರು ಸರ್ಕಾರಕ್ಕೆ ನೇರವಾಗಿ ಹಣ ನೀಡುವುದನ್ನು ನಿಲ್ಲಿಸಿದರು. ಕದ್ದವರು ಬೆರಳೆಣಿಕೆಯ ಮಂದಿ. ಪೆಟ್ಟು ಬಿದ್ದದ್ದು ಆಸ್ಪತ್ರೆ, ಶಾಲೆಗಳಿಗೆ.

ಮರುವರ್ಷ ಮತದಾರರು, ಬಿಂಗು ನಂತರ ಅಧ್ಯಕ್ಷೆಯಾಗಿದ್ದ ಜಾಯ್ಸ್ ಬಾಂಡಾರನ್ನು ಮೂರನೇ ಸ್ಥಾನಕ್ಕೆ ಇಳಿಸಿದರು. ಎಣಿಕೆ ನಡೆಯುತ್ತಿರುವಾಗಲೇ ಅವರು ಚುನಾವಣೆ ರದ್ದಾಗಿದೆ ಎಂದು ಘೋಷಿಸಿದರು. ಹೈಕೋರ್ಟ್ ತಡೆಯಿತು. ಫಲಿತಾಂಶ ಬಂತು, ಅವರು ಇಳಿದರು.

ವೈಟ್ನರ್ ಬಳಿದ ಹಾಳೆಗಳು

2019ರ ಮೇ 21ರ ಚುನಾವಣೆ. ಆರು ದಿನಗಳ ಬಳಿಕ ಚುನಾವಣಾ ಆಯೋಗ ಪೀಟರ್ ಮುಥಾರಿಕಾರಿಗೆ ಶೇ 38.57, ಚಕ್ವೇರಾರಿಗೆ ಶೇ 35.41 ಎಂದು ಸಾರಿತು. ಅಂತರ ಸುಮಾರು 1.59 ಲಕ್ಷ ಮತ.

ಮತಗಟ್ಟೆಯಲ್ಲಿ ಎಣಿಕೆ ಮುಗಿದ ಮೇಲೆ ಅಧಿಕಾರಿ ಒಂದು ಹಾಳೆಯಲ್ಲಿ ಪ್ರತಿ ಅಭ್ಯರ್ಥಿಯ ಮತವನ್ನು ಬರೆದು, ಪಕ್ಷಗಳ ಏಜೆಂಟರ ಸಹಿ ಪಡೆದು ಮೇಲಕ್ಕೆ ಕಳಿಸಬೇಕು. ಆ ಹಾಳೆಗಳನ್ನು ತೆಗೆದು ನೋಡಿದರೆ ಅಂಕಿಗಳ ಮೇಲೆ ಬಿಳಿ ವೈಟ್ನರ್ ಬಳಿದು ಬೇರೆ ಅಂಕಿ ಬರೆಯಲಾಗಿತ್ತು. ಕೆಲವು ಕಡೆ ಮೂಲ ಹಾಳೆಯ ಬದಲು ನಕಲು, ಕೆಲವು ಕಡೆ ಸಹಿಯೇ ಇಲ್ಲ. ದಣಿದ ಸಿಬ್ಬಂದಿ ತಪ್ಪು ತಿದ್ದಿಕೊಂಡಿದ್ದಾರೆ ಎಂದು ಆಯೋಗ ಸಮಜಾಯಿಷಿ ಕೊಟ್ಟಿತು. ಪರಿಶೀಲಿಸಿ ಸರಿಯೆನ್ನಬಹುದಾದ ಹಾಳೆಗಳು ಕಾಲುಭಾಗದಷ್ಟೂ ಇಲ್ಲವೆಂದು ಕೋರ್ಟು ಹೇಳಿತು. ಒಂದು ದೇಶದ ಅಧ್ಯಕ್ಷ ಯಾರೆಂಬ ಪ್ರಶ್ನೆ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಆ ಸಣ್ಣ ಬಾಟಲಿಯ ಮೇಲೆ ಬಂದು ನಿಂತಿತ್ತು.

ಕೋರ್ಟಿನ ತೀರ್ಪು ತಾನಾಗಿ ಬರಲಿಲ್ಲ. ತಿಂಗಳುಗಟ್ಟಲೆ ಜನ ಬೀದಿಗಿಳಿದರು. ಲಿಲಾಂಗ್ವೆ, ಬ್ಲಾಂಟೈರ್, ಮ್ಜುಜು, ಜೊಂಬಾ ನಗರಗಳಲ್ಲಿ ಮೆರವಣಿಗೆಗಳಾದವು. ಚುನಾವಣಾ ಆಯೋಗದ ಅಧ್ಯಕ್ಷೆ ಜೇನ್ ಅನ್ಸಾ ರಾಜೀನಾಮೆ ಕೊಡಬೇಕೆಂಬುದು ಮುಖ್ಯ ಬೇಡಿಕೆ. ಬೆಲೆ ತೆತ್ತವರೂ ಇದ್ದಾರೆ. 2019ರ ಅಕ್ಟೋಬರ್‌ನಲ್ಲಿ ಪೊಲೀಸನೊಬ್ಬ ಕೊಲೆಯಾದ ಬಳಿಕ ಲಿಲಾಂಗ್ವೆ ಸಮೀಪದ ಹಳ್ಳಿಗಳಿಗೆ ನುಗ್ಗಿದ ಪೊಲೀಸರು ಹೆಂಗಸರ ಮೇಲೆ ಅತ್ಯಾಚಾರ ನಡೆಸಿದರು. ಸಂತ್ರಸ್ತೆಯರಿಗೆ ಪರಿಹಾರ ಕೊಡುವಂತೆ ಹೈಕೋರ್ಟು ಮುಂದೆ ಆದೇಶಿಸಿತು. ಸೇನೆ ಮಾತ್ರ ಮೆರವಣಿಗೆಗಾರರ ಮತ್ತು ಪೊಲೀಸರ ನಡುವೆ ನಿಂತು ಜನರಿಗೆ ಕಾವಲಾಯಿತು. ಖಂಡದ ಬೇರೆ ಕಡೆ ಅಧಿಕಾರ ಹಿಡಿಯಲು ಹೊರಡುವ ಸೇನೆ ಇಲ್ಲಿ ಸಂವಿಧಾನದ ಪಕ್ಕದಲ್ಲಿ ನಿಂತಿತು.

ತೀರ್ಪು ಹೊರಬೀಳುವ ಮುನ್ನ ನ್ಯಾಯಾಧೀಶರಿಗೆ ಲಂಚದ ಆಮಿಷ ಬಂತು. ಅವರು ಅದನ್ನು ಮುಖ್ಯ ನ್ಯಾಯಮೂರ್ತಿಗೆ ತಿಳಿಸಿದರು, ದೂರು ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹೋಯಿತು. ಲಂಚ ಕೊಡಲು ಯತ್ನಿಸಿದ ಪ್ರಸಿದ್ಧ ಬ್ಯಾಂಕ್ ಉದ್ಯಮಿಗೆ 2021ರಲ್ಲಿ ಒಂಬತ್ತು ವರ್ಷ ಜೈಲು ಶಿಕ್ಷೆಯಾಯಿತು. 2020ರ ಜೂನ್‌ನಲ್ಲಿ, ಮರುಚುನಾವಣೆಗೆ ಹತ್ತು ಹನ್ನೊಂದು ದಿನ ಇರುವಾಗ, ಮುಖ್ಯ ನ್ಯಾಯಮೂರ್ತಿ ಆಂಡ್ರ್ಯೂ ನ್ಯಿರೆಂಡಾರನ್ನು ನಿವೃತ್ತಿಪೂರ್ವ ರಜೆಯ ನೆಪದಲ್ಲಿ ಮನೆಗೆ ಕಳಿಸಲು ಸರ್ಕಾರ ಹೊರಟಿತು. ವಕೀಲರು, ನ್ಯಾಯಾಧೀಶರು ಕರಿ ಕೋಟು ತೊಟ್ಟು ಬೀದಿಗೆ ಬಂದರು.

ತೀರ್ಪಿನ ಇನ್ನೊಂದು ಭಾಗ ಮುಂದಿನ ರಾಜಕೀಯವನ್ನೇ ತಿರುಗಿಸಿತು. ಸಂವಿಧಾನದಲ್ಲಿರುವ ಬಹುಮತ ಎಂದರೆ ಅರ್ಧಕ್ಕಿಂತ ಹೆಚ್ಚು ಮತ ಎಂದು ಕೋರ್ಟು ಹೇಳಿತು. ಇನ್ನು ಒಂದೇ ಪ್ರದೇಶದ ಬಲದಿಂದ ಗೆಲ್ಲುವುದು ಸಾಧ್ಯವಿರಲಿಲ್ಲ. ಚಕ್ವೇರಾ, ಚಿಲಿಮಾ ಒಂದಾದರು. ಕೋವಿಡ್ ಕಾರಣ ಹೊರದೇಶದ ದೊಡ್ಡ ವೀಕ್ಷಕ ತಂಡಗಳಿಲ್ಲದೆ ಜೂನ್ 23ರಂದು ಮತದಾನ ನಡೆದು, ಚಕ್ವೇರಾರಿಗೆ ಶೇ 58.57 ಮತ ಬಂತು. ಕೀನ್ಯಾದಲ್ಲೂ 2017ರಲ್ಲಿ ಸುಪ್ರೀಂ ಕೋರ್ಟು ಅಧ್ಯಕ್ಷೀಯ ಚುನಾವಣೆಯನ್ನು ರದ್ದು ಮಾಡಿತ್ತು, ಆದರೆ ಅಲ್ಲಿ ಮರುಚುನಾವಣೆಯನ್ನು ವಿರೋಧ ಪಕ್ಷ ಬಹಿಷ್ಕರಿಸಿ ಹಳೆಯ ಅಧ್ಯಕ್ಷರೇ ಉಳಿದರು. ಮಲಾವಿಯಲ್ಲಿ ಸರ್ಕಾರವೇ ಬದಲಾಯಿತು.

ತೀರ್ಪು ತುಂಬದ ಹೊಟ್ಟೆ

ಚಕ್ವೇರಾ ಪಾದ್ರಿಯಾಗಿದ್ದವರು, ಅಸೆಂಬ್ಲೀಸ್ ಆಫ್ ಗಾಡ್ ಚರ್ಚಿನ ಮುಖ್ಯಸ್ಥರಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದವರು. ಲಂಚದ ಬೇರು ಕೀಳುತ್ತೇನೆ, ಹತ್ತು ಲಕ್ಷ ಉದ್ಯೋಗ ಕೊಡುತ್ತೇನೆ ಎಂದರು. ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ವರ್ಷ ಕಳೆದ ಮೇಲೆ ಹೊಸ ಹಗರಣ ಬಂತು. ಜುನೆತ್ ಸತ್ತಾರ್ ಎಂಬ ಉದ್ಯಮಿಯನ್ನು ಮಲಾವಿ ಸರ್ಕಾರದ ಗುತ್ತಿಗೆಗಳಿಗೆ ಸಂಬಂಧಿಸಿದ ಲಂಚದ ಆರೋಪದ ಮೇಲೆ 2021ರಲ್ಲಿ ಬ್ರಿಟನ್ನಿನ ತನಿಖಾ ಸಂಸ್ಥೆ ಬಂಧಿಸಿತು. ಆತ ಆರೋಪವನ್ನು ನಿರಾಕರಿಸಿದ. ಇದೇ ಹಗರಣದಲ್ಲಿ 2022ರ ನವೆಂಬರ್‌ನಲ್ಲಿ ಉಪಾಧ್ಯಕ್ಷ ಚಿಲಿಮಾರ ಬಂಧನವಾಯಿತು. ಅವರೂ ಆರೋಪ ಒಪ್ಪಲಿಲ್ಲ. 2024ರ ಮೇನಲ್ಲಿ ಅವರ ಮೇಲಿನ ಮೊಕದ್ದಮೆ ಕೈಬಿಡಲಾಯಿತು. ಮರುತಿಂಗಳು ವಿಮಾನ ದುರಂತದಲ್ಲಿ ಚಿಲಿಮಾ ತೀರಿಕೊಂಡರು.

ಇವೆಲ್ಲಕ್ಕಿಂತ ಹೆಚ್ಚು ಜನರ ಮನಸ್ಸನ್ನು ಕಲಕಿದ ಘಟನೆ 2022ರ ಡಿಸೆಂಬರ್ 6ರದು. ಭ್ರಷ್ಟಾಚಾರ ನಿಗ್ರಹ ದಳದ ಮುಖ್ಯಸ್ಥೆ ಮಾರ್ಥಾ ಚಿಜುಮಾರನ್ನು, ಸೋರಿಕೆಯಾದ ಫೋನ್ ಸಂಭಾಷಣೆಯೊಂದರ ಕಾರಣಕ್ಕೆ, ಪೊಲೀಸರು ಬೆಳಕು ಹರಿಯುವ ಮುನ್ನ ಮನೆಯಿಂದ ಎತ್ತಿಕೊಂಡು ಹೋದರು. ದೇಶವೇ ಸಿಟ್ಟಿಗೆದ್ದ ಮೇಲೆ ಬಿಡುಗಡೆಯಾಯಿತು. ಲಂಚಕೋರರನ್ನು ಹಿಡಿಯಬೇಕಾದ ಅಧಿಕಾರಿಗೇ ಹೀಗಾದರೆ, ಹಳ್ಳಿಯಿಂದ ದೂರು ಹಿಡಿದು ಬರುವ ಬಡವನಿಗೆ ಯಾರು ದಿಕ್ಕು?

ಇತ್ತ ಬದುಕು ದುಬಾರಿಯಾಗುತ್ತ ಹೋಯಿತು. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣದ ಊರುಗಳನ್ನು ಕೊಚ್ಚಿಹಾಕಿತು. 2024ರಲ್ಲಿ ಬರ, 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಸ್ಥಿತಿ ಘೋಷಣೆಯಾಯಿತು. 2023ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ ಸುಮಾರು 1,180 ಇದ್ದ ಕ್ವಾಚಾ ಒಂದೇ ಏಟಿಗೆ 1,700ಕ್ಕೆ ಕುಸಿಯಿತು. ಡಾಲರ್ ಇಲ್ಲದೆ ಡೀಸೆಲ್ ಬರಲಿಲ್ಲ, ಬಂಕುಗಳ ಮುಂದೆ ಸಾಲು ಬೆಳೆಯಿತು. ಗೊಬ್ಬರ, ಮೆಕ್ಕೆಜೋಳದ ಹಿಟ್ಟು ಬಡವರ ಕೈಗೆ ಎಟುಕದಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮುಥಾರಿಕಾರಿಗೆ ಶೇ 56.8, ಚಕ್ವೇರಾರಿಗೆ ಶೇ 33ರಷ್ಟು ಮತ ಬಂತು. ಚಕ್ವೇರಾ ಸೋಲನ್ನು ಒಪ್ಪಿಕೊಂಡರು. 2019ರಲ್ಲಿ ಯಾರ ರಾಜೀನಾಮೆ ಕೇಳಿ ಜನ ಬೀದಿಗಿಳಿದಿದ್ದರೋ ಆ ಜೇನ್ ಅನ್ಸಾ ಇಂದು ದೇಶದ ಉಪಾಧ್ಯಕ್ಷೆ.

ಮತದಾರರು ಮರೆತರೆ? ಹಾಗೆನ್ನುವುದು ಅನ್ಯಾಯ. ಅವರ ಮುಂದಿದ್ದ ಆಯ್ಕೆಗಳನ್ನು ಇಟ್ಟವರು ಪಕ್ಷಗಳು. 2020ರಲ್ಲಿ ಕಳ್ಳ ಎಣಿಕೆಯನ್ನು ಶಿಕ್ಷಿಸಿದರು, 2025ರಲ್ಲಿ ಹುಸಿಯಾದ ಭರವಸೆಯನ್ನು ಶಿಕ್ಷಿಸಿದರು. ಎರಡು ಸಲವೂ ಅವರು ಶಿಕ್ಷಿಸಿದ್ದು ಕುರ್ಚಿಯಲ್ಲಿ ಕೂತವರನ್ನು. ಹೊಸಬರನ್ನು ಮುಂದೆ ತರುವ ಹೊಣೆ ಹೊತ್ತ ಪಕ್ಷಗಳು ಅದನ್ನು ಮಾಡದಿದ್ದಾಗ ಹಳಬರೇ ಮತ್ತೆ ಬಂದರು.

ಸಮೀಕ್ಷೆ ಹೇಳುವುದು

1999ರಿಂದ ಆಫ್ರೋಬ್ಯಾರೋಮೀಟರ್ ಎಂಬ ಸಂಸ್ಥೆ ಆಫ್ರಿಕಾದ ದೇಶಗಳಲ್ಲಿ ಜನಾಭಿಪ್ರಾಯ ಸಂಗ್ರಹಿಸುತ್ತಿದೆ. ಘಾನಾದ ಅಕ್ರಾದಲ್ಲಿ ಅದರ ಕೇಂದ್ರವಿದೆ. ಮಲಾವಿ ಮೊದಲ ಸುತ್ತಿನಿಂದಲೇ ಅದರಲ್ಲಿದೆ. ಪ್ರತಿ ದೇಶದಲ್ಲಿ 1,200ರಿಂದ 2,400 ಜನರನ್ನು ಆರಿಸಿ, ಮನೆಗೇ ಹೋಗಿ, ಅವರ ಭಾಷೆಯಲ್ಲೇ ಮಾತಾಡಿಸುತ್ತಾರೆ. 39 ದೇಶಗಳ ಉತ್ತರಗಳನ್ನು ಒಟ್ಟುಗೂಡಿಸಿ 2024ರಲ್ಲಿ ಅದು ಪ್ರಕಟಿಸಿದ ವರದಿಯ ಪ್ರಕಾರ ಶೇ 66 ಜನ ಬೇರೆ ಯಾವ ಆಡಳಿತಕ್ಕಿಂತಲೂ ಪ್ರಜಾಪ್ರಭುತ್ವವೇ ಮೇಲು ಎನ್ನುತ್ತಾರೆ. ಒಬ್ಬನ ಆಳ್ವಿಕೆ ಬೇಡವೆನ್ನುವವರು ಶೇ 80, ಒಂದೇ ಪಕ್ಷದ ಆಳ್ವಿಕೆ ಬೇಡವೆನ್ನುವವರು ಶೇ 78. ಆದರೆ ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ನಡೆಯುತ್ತಿರುವ ರೀತಿ ತೃಪ್ತಿ ತಂದಿದೆ ಎನ್ನುವವರು ಶೇ 37 ಮಾತ್ರ. ಚುನಾಯಿತರು ಅಧಿಕಾರ ದುರುಪಯೋಗ ಮಾಡಿದರೆ ಸೇನೆ ಬರಲಿ ಎನ್ನುವವರು ಅರ್ಧಕ್ಕಿಂತ ಹೆಚ್ಚಿದ್ದಾರೆ. ಭ್ರಷ್ಟಾಚಾರದ ಬಗ್ಗೆ ದೂರು ಕೊಟ್ಟರೆ ಸೇಡಿಗೆ ಗುರಿಯಾಗಬೇಕಾದೀತು ಎಂಬ ಭಯ ಬಹುಪಾಲು ಜನರಲ್ಲಿದೆ. ದಕ್ಷಿಣ ಆಫ್ರಿಕಾದಲ್ಲಿ ಒಂದು ದಶಕದಲ್ಲಿ ಪ್ರಜಾಪ್ರಭುತ್ವಕ್ಕಿದ್ದ ಬೆಂಬಲ 29 ಅಂಶದಷ್ಟು ಕುಸಿದಿದೆ.

ಈ ಅಂಕಿಗಳನ್ನು ಮಲಾವಿಯ ಕಥೆಯ ಜೊತೆಗಿಟ್ಟು ಓದಬೇಕು. ಬೇಕೆನ್ನುವ ಶೇ 66ಕ್ಕೂ ತೃಪ್ತಿಯಿದೆ ಎನ್ನುವ ಶೇ 37ಕ್ಕೂ ನಡುವಿನ ಅಂತರದಲ್ಲಿ ನಿಂತಿರುವವರೇ ಲಿಲಾಂಗ್ವೆಯ ಬೀದಿಗಿಳಿದ ಜನ. ಅವರಿಗೆ ಬೇಕಾಗಿರುವುದು ಸಿಕ್ಕಿಲ್ಲ, ಅದಕ್ಕೇ ಕೇಳುತ್ತಿದ್ದಾರೆ. ಆದರೆ ಆ ತಾಳ್ಮೆಗೂ ಮಿತಿಯಿದೆ. ಕೇಳಿ ಕೇಳಿ ಸಾಕಾದವರು ಸಮವಸ್ತ್ರದವರ ಕಡೆ ನೋಡತೊಡಗುತ್ತಾರೆ ಎಂಬುದಕ್ಕೆ ಮಾಲಿ, ಬುರ್ಕಿನಾ ಫಾಸೊ, ನೈಜರ್‌ಗಳಲ್ಲಿ 2020ರಿಂದೀಚೆಗೆ ನಡೆದ ಸೇನಾ ಕ್ರಾಂತಿಗಳೇ ಸಾಕ್ಷಿ.

ಮಲಾವಿಯ ನ್ಯಾಯಾಧೀಶರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ, ಸೈನಿಕರು ಮಾಡಿದ್ದಾರೆ, ಮತದಾರರು ಮತ್ತೆ ಮತ್ತೆ ಮಾಡಿದ್ದಾರೆ. ಮಾಡದೆ ಉಳಿದವರು ಪಕ್ಷಗಳ ನಾಯಕರು. ಭ್ರಷ್ಟಾಚಾರದ ಮೊಕದ್ದಮೆಗಳು ಸರ್ಕಾರ ಬದಲಾದಾಗ ಹುಟ್ಟಿ, ಹೊಂದಾಣಿಕೆಯಾದಾಗ ಸಾಯುವುದು ನಿಲ್ಲಬೇಕು. ನಿಗ್ರಹ ದಳದ ಮುಖ್ಯಸ್ಥರು ಯಾರೇ ಆಗಿರಲಿ, ಅವರನ್ನು ಅಧಿಕಾರಸ್ಥರು ಮುಟ್ಟಲಾಗದಂತೆ ಕಾನೂನು ಬಿಗಿಯಾಗಬೇಕು. ಪಕ್ಷಗಳು ತಮಗೆ ಹಣ ಎಲ್ಲಿಂದ ಬರುತ್ತದೆ ಎಂಬ ಲೆಕ್ಕವನ್ನು ಜನರ ಮುಂದಿಡಬೇಕು. ಮಲಾವಿಯ ಮುಂದಿನ ಸಾರ್ವತ್ರಿಕ ಚುನಾವಣೆ 2030ರಲ್ಲಿ. ಈಗ ಅಧಿಕಾರದಲ್ಲಿರುವವರು ಈ ಕೆಲಸಗಳಿಗೆ ಕೈ ಹಾಕದಿದ್ದರೆ, ಆ ಮತದಾರರು ಏನು ಮಾಡಬಲ್ಲರೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.